ನಂಬರು ಗೊತ್ತಿಲ್ಲದವರ ಪ್ರಶ್ನೆ

ಕೆಲವು ವರ್ಷಗಳ ಹಿಂದೆ ನನ್ನ ಸೋದರತ್ತೆಯೊಡನೆ ಒಂದು ಕಚೇರಿಯ ಕಿಟಕಿಯ ಮುಂದೆ ಅರ್ಧ ದಿನ ನಿಂತಿದ್ದೆ. ಅತ್ತೆಯ ಊರು ಹುಕ್ಕೇರಿ ತಾಲ್ಲೂಕಿನ ದಡ್ಡಿ. ಘಟಪ್ರಭೆಯ ದಂಡೆಯಲ್ಲಿ, ಮಹಾರಾಷ್ಟ್ರದ ಗಡಿಗೆ ಸಮೀಪದಲ್ಲಿರುವ ಹಳ್ಳಿ. ಮಾವನವರು ತೀರಿಕೊಂಡಿದ್ದರು. ಅವರ ಹೊಲಗಳನ್ನು ಪೌತಿ ಖಾತೆಯ ಮೂಲಕ ಅತ್ತೆಯ ಹೆಸರಿಗೆ ಮಾಡಿಸಬೇಕಾಗಿತ್ತು. ಅದಕ್ಕೆ ಮೊದಲು ಅವರ ಹೆಸರಿನಲ್ಲಿ ಒಟ್ಟು ಎಷ್ಟು ಹೊಲಗಳಿವೆ ಎಂಬುದು ತಿಳಿಯಬೇಕಷ್ಟೆ.

ಗಣಕಯಂತ್ರದ ಮುಂದೆ ಕುಳಿತಿದ್ದ ತರುಣ ಸಭ್ಯನೇ. "ಸರ್ವೆ ನಂಬರ ಹೇಳ್ರಿ" ಎಂದ. ಅತ್ತೆಗೆ ಎರಡು ನಂಬರುಗಳು ಬಾಯಿಪಾಠವಾಗಿದ್ದವು, ಹೇಳಿದರು. ಕಣ್ಣೆವೆ ಮುಚ್ಚಿ ತೆರೆಯುವುದರೊಳಗೆ ಎರಡೂ ಉತಾರಗಳು ಪರದೆಯ ಮೇಲೆ ಮೂಡಿದವು. "ಉಳಿದದ್ದರ ನಂಬರ?" ಎಂದು ಆತ ಕೇಳಿದಾಗ ಅತ್ತೆ ಹೇಳಿದ ಮಾತು ನನಗೆ ಇಂದಿಗೂ ನೆನಪಿದೆ: "ತಮ್ಮಾ, ನಂಬರ ಗೊತ್ತಿದ್ದಿದ್ರ ನಿನ್ನ ಕಡೆ ಯಾಕ ಬರತಿದ್ದೆ?"

ತರುಣ ಮಾವನವರ ಹೆಸರನ್ನೇ ಒತ್ತಿ ಹುಡುಕಲು ಹೇಳಿದ. ಯಂತ್ರ ಮೌನ ವಹಿಸಿತು. ಮಧ್ಯಾಹ್ನವಾದರೂ ಉತ್ತರವಿಲ್ಲ. ಕೊನೆಗೆ ಆತ "ನಾಳೆ ಬರ್ರಿ" ಎಂದ. ಊರಿಗೆ ಹೋಗುವ ಬಸ್ಸಿನಲ್ಲಿ ಅತ್ತೆ ನನ್ನನ್ನು ಕೇಳಿದರು: ಒಂದು ಪ್ರಶ್ನೆಗೆ ಚಿಟಿಕೆ ಹೊಡೆಯುವಷ್ಟರಲ್ಲಿ ಉತ್ತರ ಕೊಡುವ ಯಂತ್ರ, ಇನ್ನೊಂದಕ್ಕೆ ಹೀಗೇಕೆ ಮಾಡುತ್ತದೆ? ಇಂಥ ಯಂತ್ರಗಳೊಡನೆ ಹೊಟ್ಟೆ ಹೊರೆಯುವವನು ನಾನು. ಅಂದು ಬಸ್ಸಿನಲ್ಲಿ ಅರ್ಧಂಬರ್ಧ ಹೇಳಿದ್ದನ್ನು ಇಂದು ಪೂರ್ತಿಯಾಗಿ ಹೇಳಲು ಯತ್ನಿಸುತ್ತೇನೆ.

ಮೊದಲು ರಾಶಿಯ ಗಾತ್ರವನ್ನು ನೋಡೋಣ. ಕರ್ನಾಟಕದ 'ಭೂಮಿ' ಯೋಜನೆ 2001-02ರ ಸುಮಾರಿಗೆ ರಾಜ್ಯದ ಎಲ್ಲ ತಾಲ್ಲೂಕುಗಳನ್ನು ತಲುಪಿದಾಗ, ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಏರಿದ್ದವು. ನಮ್ಮ ಬೆಳಗಾವಿ ಸೀಮೆಯಲ್ಲಿ ಜನ ಉತಾರ ಎನ್ನುವುದೂ ಈ ಪಹಣಿಯನ್ನೇ. ಈ 2 ಕೋಟಿ ಸಾಲುಗಳೂ ಒಂದೇ ಕೋಷ್ಟಕದಲ್ಲಿವೆ ಎಂದು ಲೆಕ್ಕಕ್ಕಾಗಿ ಭಾವಿಸೋಣ. ಯಂತ್ರ ಸೆಕೆಂಡಿಗೆ 10 ಸಾವಿರ ಸಾಲುಗಳನ್ನು ಓದುತ್ತದೆ ಎಂದುಕೊಂಡರೂ, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಲು 2,000 ಸೆಕೆಂಡು, ಅಂದರೆ ಅರ್ಧ ಗಂಟೆಗೂ ಮಿಕ್ಕ ಕಾಲ ಬೇಕು. ಅದೇ ಹೊತ್ತಿಗೆ ಇನ್ನೂ ಹತ್ತು ಜನ ಇಂಥವೇ ಪ್ರಶ್ನೆ ಕೇಳಿದರೆ ಮಧ್ಯಾಹ್ನವಾಗುವುದರಲ್ಲಿ ಆಶ್ಚರ್ಯವೇನು?

ಹಾಗಾದರೆ ನಂಬರು ಹೇಳಿದಾಗ ಉತ್ತರ ಥಟ್ಟನೆ ಬಂದದ್ದು ಹೇಗೆ? ನಿಮ್ಮ ಕಪಾಟಿನಲ್ಲಿ 1894ರಲ್ಲಿ ಮೊದಲು ಅಚ್ಚಾದ ಕಿಟೆಲ್ಲರ ನಿಘಂಟು ಇದ್ದರೆ ಅದನ್ನು ನೆನೆಯಿರಿ. ಒಂದು ಶಬ್ದದ ಅರ್ಥ ಬೇಕೆಂದರೆ ನೀವು ಇಡೀ ಗ್ರಂಥವನ್ನು ಓದುವುದಿಲ್ಲ. ನಡುವೆ ಎಲ್ಲೋ ತೆರೆದು, ಹಿಂದೆ ಮುಂದೆ ಸರಿದು, ನಾಲ್ಕೈದು ಪ್ರಯತ್ನಗಳಲ್ಲಿ ಮುಟ್ಟುತ್ತೀರಿ. ಶಬ್ದಗಳು ಅಕಾರಾದಿಯಾಗಿ ನಿಂತಿರುವುದೇ ಇದಕ್ಕೆ ಕಾರಣ. ಆದರೆ ಪ್ರಶ್ನೆಯನ್ನು ತಿರುವಿ, "ದನಗಳನ್ನು ಕೂಡುವ ಆವರಣ ಎಂಬ ಅರ್ಥವಿರುವ ಶಬ್ದಗಳೆಲ್ಲ ಯಾವುವು?" ಎಂದು ಕೇಳಿಕೊಳ್ಳಿ. ಅದೇ ನಿಘಂಟು, ಅದೇ ಓದುಗ. ಆದರೆ ಈಗ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದದೆ ಗತ್ಯಂತರವಿಲ್ಲ. ಅತ್ತೆ ಕೇಳಿದ್ದು ಈ ಎರಡನೆಯ ಬಗೆಯ ಪ್ರಶ್ನೆ. ಕೋಷ್ಟಕ ಸರ್ವೆ ನಂಬರಿನ ಕ್ರಮದಲ್ಲಿತ್ತು. ಅವರ ಕೈಯಲ್ಲಿದ್ದದ್ದು ಹೆಸರು ಮಾತ್ರ.

ಇದಕ್ಕೆ ಮದ್ದು, ಪುಸ್ತಕದ ಕೊನೆಯಲ್ಲಿರುವ ಪದಸೂಚಿಯಂಥ ಒಂದು ಸೂಚಿ. ಹೆಸರುಗಳನ್ನೆಲ್ಲ ಅಕಾರಾದಿಯಾಗಿ ಬರೆದು, ಪ್ರತಿಯೊಂದರ ಮುಂದೆ ಮೂಲ ಸಾಲು ಎಲ್ಲಿದೆ ಎಂಬ ವಿಳಾಸವನ್ನು ಕೊಡುವುದು. ಅರ್ಧ ಮಾಡುತ್ತ, ಅರ್ಧ ಮಾಡುತ್ತ ಹುಡುಕಿದರೆ 2 ಕೋಟಿ ಹೆಸರುಗಳಲ್ಲಿ ಒಂದನ್ನು ಮುಟ್ಟಲು 25 ಹೆಜ್ಜೆಗಳು ಸಾಕು. 1970ರಲ್ಲಿ ಅಮೆರಿಕದ ಬೋಯಿಂಗ್ ಸಂಸ್ಥೆಯ ಸಂಶೋಧನಾಲಯದಲ್ಲಿದ್ದ ರುಡಾಲ್ಫ್ ಬೇಯರ್ ಮತ್ತು ಎಡ್ವರ್ಡ್ ಮೆಕ್ರೈಟ್ ಇದಕ್ಕಿಂತ ಉತ್ತಮವಾದ ಏರ್ಪಾಟೊಂದನ್ನು ರೂಪಿಸಿದರು. ಅದನ್ನು ಬಿ-ವೃಕ್ಷವೆನ್ನುತ್ತಾರೆ. ಅದರ ಒಂದೊಂದು ಪುಟವೂ ಎರಡೇ ದಾರಿಗಳನ್ನಲ್ಲ, ನೂರಾರು ದಾರಿಗಳನ್ನು ತೋರಿಸುತ್ತದೆ. ಪುಟಕ್ಕೆ 200 ದಾರಿಗಳೆಂದರೆ, ಎರಡನೆಯ ಹಂತದಲ್ಲಿ 40 ಸಾವಿರ, ಮೂರನೆಯದರಲ್ಲಿ 80 ಲಕ್ಷ, ನಾಲ್ಕನೆಯದರಲ್ಲಿ 160 ಕೋಟಿ. ನಾಲ್ಕು ಪುಟ ತೆರೆದರೆ ನಮ್ಮ ನಾಡಿನ ಯಾವ ಹೊಲವನ್ನಾದರೂ ಮುಟ್ಟಬಹುದು.

ಇದು ಪಾಶ್ಚಾತ್ಯರ ಹೊಸ ಚಮತ್ಕಾರವೆಂದು ತಿಳಿಯಬೇಕಾಗಿಲ್ಲ. 1956ರವರೆಗೆ ಬೆಳಗಾವಿ ಜಿಲ್ಲೆ ಮುಂಬಯಿ ಆಡಳಿತಕ್ಕೆ ಸೇರಿತ್ತಷ್ಟೆ. ಆ ಪದ್ಧತಿಯ ತಲಾಟಿಯ ದಫ್ತರದಲ್ಲಿ 7-12 ಎಂಬ ನಮೂನೆ ಸರ್ವೆ ನಂಬರಿನ ಕ್ರಮದಲ್ಲಿರುತ್ತಿತ್ತು. 8-ಅ ಎಂಬ ನಮೂನೆ ಖಾತೆದಾರರ ಕ್ರಮದಲ್ಲಿರುತ್ತಿತ್ತು. ಒಂದು 'ಈ ಹೊಲ ಯಾರದು?' ಎಂಬ ಪ್ರಶ್ನೆಗೆ, ಇನ್ನೊಂದು 'ಇವರ ಹೊಲಗಳು ಯಾವುವು?' ಎಂಬ ಪ್ರಶ್ನೆಗೆ. ಬಿ-ವೃಕ್ಷದ ಹೆಸರು ಕೇಳದ ತಲಾಟಿ, ಒಂದೇ ಸಂಗತಿಯನ್ನು ಎರಡು ಕ್ರಮಗಳಲ್ಲಿ ಇಡುವ ಗುಟ್ಟನ್ನು ಬಲ್ಲವನಾಗಿದ್ದ.

ಅದಕ್ಕೆ ಆತ ತೆರುತ್ತಿದ್ದ ಬೆಲೆಯೂ ಉಂಟು. ಒಂದು ಹೊಲ ಕೈ ಬದಲಾಯಿಸಿದರೆ ಎರಡೂ ನಮೂನೆಗಳನ್ನು ತಿದ್ದಬೇಕು. ಯಂತ್ರದ ಸೂಚಿಗೂ ಇದೇ ನಿಯಮ. ಸೂಚಿಯೊಂದನ್ನು ಹೆಚ್ಚಿಸಿದರೆ ಓದುವುದು ಹಗುರ, ಬರೆಯುವುದು ಭಾರ. ಆದ್ದರಿಂದ ಕಂಡಕಂಡ ಅಂಕಣಕ್ಕೆಲ್ಲ ಸೂಚಿ ಕಟ್ಟುವುದು ಜಾಣತನವಲ್ಲ. ಜನ ಪದೇ ಪದೇ ಕೇಳುವ ಪ್ರಶ್ನೆ ಯಾವುದೋ ಅದಕ್ಕೆ ಕಟ್ಟಬೇಕು.

ಕಟ್ಟಿದ ಮಾತ್ರಕ್ಕೆ ಕೆಲಸ ಮುಗಿಯಿತೆ? ಇಲ್ಲ. ಸೂಚಿಯೊಳಗಿನ ಅನುಕ್ರಮವೂ ಮುಖ್ಯ. ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು, ಹಿಸ್ಸಾ ಎಂಬ ಕ್ರಮದಲ್ಲಿ ಸೂಚಿಯಿದ್ದರೆ, ಗ್ರಾಮದವರೆಗೆ ಹೇಳಿ ನಂಬರು ಕೇಳಬಹುದು. ಮೊದಲಿನದನ್ನೆಲ್ಲ ಬಿಟ್ಟು "ಹಿಸ್ಸಾ 2 ಎಲ್ಲೆಲ್ಲಿದೆ?" ಎಂದರೆ ಆ ಸೂಚಿ ಹೆಚ್ಚು ನೆರವಾಗದು.

ಪ್ರಶ್ನೆಯ ಮಾತು ಕೂಡ ಸೂಚಿಗೆ ಹೊಂದಬೇಕು. 'ಭರಮ' ಎಂದು ಆರಂಭವಾಗುವ ಹೆಸರುಗಳನ್ನು ಅಕಾರಾದಿ ಸೂಚಿ ಒಡನೆಯೇ ಕೊಡುತ್ತದೆ. 'ಗೌಡ' ಎಂದು ಮುಗಿಯುವ ಹೆಸರುಗಳನ್ನು ಕೇಳಿದರೆ ಅದಕ್ಕೆ ದಿಕ್ಕೇ ತೋಚದು. "ಯಾವ ದಾಖಲೆಗಳ ಇಸವಿ 1998?" ಎಂದು ಕೇಳಿದರೆ, ಯಂತ್ರ ಪ್ರತಿಯೊಂದು ತಾರೀಖಿನಿಂದಲೂ ಇಸವಿಯನ್ನು ಬಿಡಿಸಿ ನೋಡತೊಡಗಬಹುದು. "1998ರ ಜನವರಿ 1ರಿಂದ ಡಿಸೆಂಬರ್ 31ರವರೆಗಿನವು" ಎಂದು ಕೇಳಿದರೆ ತಾರೀಖಿನ ಸೂಚಿಯಲ್ಲಿ ನೇರವಾಗಿ ಆ ತುಂಡಿಗೇ ಹೋಗುತ್ತದೆ. ಇನ್ನು ಗಡಿನಾಡಿನ ಹೆಸರುಗಳಂತೂ ಕೇಳಲೇಬೇಡಿ! ಒಂದು ಕಾಗದದಲ್ಲಿ ಭರಮಪ್ಪ, ಇನ್ನೊಂದರಲ್ಲಿ ಭರಮಾ, ಮತ್ತೊಂದರಲ್ಲಿ ಬರಮಪ್ಪ. ಮೂವರೂ ಒಬ್ಬರೇ ಎಂಬುದು ಊರಿಗೆ ಗೊತ್ತು, ಯಂತ್ರಕ್ಕೆ ಗೊತ್ತಿಲ್ಲ. ಮೂಲವನ್ನು ಹಾಗೆಯೇ ಉಳಿಸಿ, ಪಕ್ಕದಲ್ಲಿ ಏಕರೂಪಕ್ಕೆ ತಂದ ಹೆಸರಿನ ಅಂಕಣವೊಂದನ್ನಿಟ್ಟು, ಅದರ ಮೇಲೆ ಸೂಚಿ ಕಟ್ಟುವುದೇ ಇದಕ್ಕೆ ದಾರಿ.

ರಾಶಿ ಮೇರೆಮೀರಿ ಬೆಳೆದರೆ ಅದನ್ನು ಭಾಗಮಾಡಿ ಇಡುವುದೂ ಉಂಟು. ದಡ್ಡಿ ಎಂಬ ಮಾತಿಗೆ ದನಗಳನ್ನು ಕೂಡುವ ಆವರಣವೆಂಬ ಅರ್ಥವಿದೆ. ಊರಿನ ದನಗಳೆಲ್ಲ ಒಂದೇ ಬಯಲಿನಲ್ಲಿದ್ದರೆ ನಿಮ್ಮ ಹಸುವನ್ನು ಹುಡುಕಲು ಬಯಲನ್ನೆಲ್ಲ ಸುತ್ತಬೇಕು; ಓಣಿಗೊಂದು ದಡ್ಡಿ ಇದ್ದರೆ ನಿಮ್ಮ ಓಣಿಯದನ್ನು ನೋಡಿದರಾಯಿತು. ತಾಲ್ಲೂಕಿಗೊಂದು ಭಾಗ ಮಾಡಿದ ಕೋಷ್ಟಕದಲ್ಲಿ, ಪ್ರಶ್ನೆ ಕೇಳುವಾಗ ತಾಲ್ಲೂಕಿನ ಹೆಸರನ್ನು ಹೇಳಿದರೆ, ಯಂತ್ರ ಉಳಿದ ಭಾಗಗಳತ್ತ ತಿರುಗಿಯೂ ನೋಡುವುದಿಲ್ಲ.

ಇಷ್ಟೆಲ್ಲ ಉಪಾಯಗಳಲ್ಲಿ ಯಾವುದು ಬೇಕೆಂದು ಊಹಿಸಿ ಹೇಳಬಾರದು, ಯಂತ್ರವನ್ನೇ ಕೇಳಬೇಕು. 1979ರಲ್ಲಿ ಐ.ಬಿ.ಎಂ. ಸಂಸ್ಥೆಯ ಪೆಟ್ರೀಷಿಯಾ ಸೆಲಿಂಜರ್ ಮತ್ತು ಸಂಗಡಿಗರು, ಪ್ರಶ್ನೆಯೊಂದಕ್ಕೆ ಇರುವ ಹಲವು ದಾರಿಗಳ ಖರ್ಚನ್ನು ಅಂದಾಜುಮಾಡಿ ಅಗ್ಗವಾದದ್ದನ್ನು ಯಂತ್ರವೇ ಆರಿಸುವ ಕ್ರಮವನ್ನು ಪ್ರಕಟಿಸಿದರು. ಆ ಅಂದಾಜನ್ನು ಈಗ ನಾವು ತೆರೆದು ನೋಡಬಹುದು. ಎಲ್ಲಿ ಸೂಚಿ ಹಿಡಿದು ಹೋಗುತ್ತಿದೆ, ಎಲ್ಲಿ ಇಡೀ ಕೋಷ್ಟಕವನ್ನು ಓದುತ್ತಿದೆ ಎಂಬುದು ಅದರಲ್ಲಿ ಕಾಣುತ್ತದೆ. ಅಂದಾಜಿಗೆ ಆಧಾರವಾದ ಅಂಕಿಅಂಶ ಹಳತಾಗಿದ್ದರೆ ಯಂತ್ರವೂ ದಾರಿ ತಪ್ಪುತ್ತದೆ. ಆಗ ಆ ಅಂಕಿಅಂಶವನ್ನು ಹೊಸದುಮಾಡಿದರೆ ಸಾಕಾಗುವುದೂ ಉಂಟು.

ಮರುದಿನ ನಾನು ಆ ಕಚೇರಿಯ ಯಂತ್ರ ನೋಡಿಕೊಳ್ಳುತ್ತಿದ್ದವರೊಡನೆ ಮಾತಾಡಿದೆ. ಅವರು ಬೇಸರಪಡದೆ ಕೇಳಿದರು. ಗ್ರಾಮ ಮತ್ತು ಖಾತೆದಾರರ ಹೆಸರು, ಈ ಎರಡರ ಮೇಲೆ ಒಂದು ಸೂಚಿ ಕಟ್ಟಿದರು. ಮುಂದಿನ ವಾರ ಅತ್ತೆ ಕಿಟಕಿಗೆ ಬಂದು ಸೆರಗು ಸರಿಪಡಿಸಿಕೊಳ್ಳುವಷ್ಟರಲ್ಲಿ ಉತ್ತರ ಬಂದಿತ್ತು. ಒಟ್ಟು ಐದು ನಂಬರುಗಳು. ಅವುಗಳಲ್ಲಿ ಹನ್ನೊಂದು ಗುಂಟೆಯ ಒಂದು ತುಂಡು ತಮ್ಮದೆಂದು ಅತ್ತೆಗೆ ಗೊತ್ತೇ ಇರಲಿಲ್ಲ.

ಯಂತ್ರ ಅದೇ, ದಾಖಲೆಗಳೂ ಅವೇ. ಬದಲಾದದ್ದು ಒಂದೇ: ಅತ್ತೆಯಂಥವರೂ ಪ್ರಶ್ನೆ ಕೇಳಲು ಬರುತ್ತಾರೆಂದು ಯಾರೋ ಒಬ್ಬರು ಯೋಚಿಸಿದ್ದು. 1830ರ ದಶಕದಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಸಾಹೇಬರು ಪುಣೆ ಜಿಲ್ಲೆಯ ಇಂದಾಪುರದಲ್ಲಿ ಆರಂಭಿಸಿದ ಮೋಜಣಿಯಲ್ಲಿ ಹೊಲಹೊಲಕ್ಕೂ ನಂಬರು ಬಿದ್ದದ್ದು ಸರಕಾರ ಕಂದಾಯ ಕಟ್ಟಿಸಿಕೊಳ್ಳುವುದಕ್ಕಾಗಿ. ಆ ಕ್ರಮ ಸರಕಾರದ ಪ್ರಶ್ನೆಗೆ ಒಪ್ಪುವಂಥದು. ವಿಧವೆಯೊಬ್ಬಳ ಪ್ರಶ್ನೆಗೆ ಬೇರೊಂದು ಕ್ರಮ ಬೇಕು. ಯಾವ ಪ್ರಶ್ನೆಗೆ ಬೇಗ ಉತ್ತರ ಸಿಗುತ್ತದೆ ಎಂಬುದು ಯಂತ್ರದ ಬಲಕ್ಕಿಂತ ಹೆಚ್ಚಾಗಿ, ಕೋಷ್ಟಕ ಕಟ್ಟುವವನ ಕಣ್ಣ ಮುಂದೆ ಯಾರಿದ್ದರು ಎಂಬುದನ್ನು ಅವಲಂಬಿಸಿದೆ. ಈ ಕೆಲಸದಲ್ಲಿರುವ ತರುಣರಿಗೆ ನಾನು ಹೇಳುವುದಿಷ್ಟೆ: ದೊಡ್ಡ ಯಂತ್ರಕ್ಕಾಗಿ ಅರ್ಜಿ ಬರೆಯುವ ಮೊದಲು, ಒಂದು ದಿನ ಕಿಟಕಿಯ ಈಚೆಗೆ ಬಂದು ನಿಂತು, ಜನ ಏನು ಕೇಳುತ್ತಾರೆಂಬುದನ್ನು ಕಿವಿಯಾರೆ ಕೇಳಿರಿ.