ಬಂದರಿನಲ್ಲಿ ಹೆಸರು ಬದಲಿಸುವ ಅಡಿಕೆ

ವಿದೇಶದ ಅಡಿಕೆ ತುಂಬಿದ ಕಂಟೇನರ್ ಭಾರತದ ಬಂದರಿಗೆ ಬಂದಿಳಿದಾಗ ಕಸ್ಟಮ್ಸ್ ಅಧಿಕಾರಿಗಳು ಎರಡು ಸಂಗತಿ ತಿಳಿಯಬೇಕು. ಒಳಗಿರುವುದು ಏನು? ಅದು ಬೆಳೆದದ್ದು ಎಲ್ಲಿ? ಶಿರಸಿ, ಚನ್ನಗಿರಿ, ಪುತ್ತೂರಿನ ಬೆಳೆಗಾರರಿಗೆ ಸಿಗುವ ಧಾರಣೆಯ ಮೇಲೆ ಈ ಎರಡು ಉತ್ತರಗಳ ಪರಿಣಾಮ ದೊಡ್ಡದು. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ಕರ್ನಾಟಕ. ಹೀಗಾಗಿ ಸುಂಕದ ಪುಸ್ತಕದ ಒಂದು ಸಾಲು ಇಲ್ಲಿನ ಸಾವಿರಾರು ಮನೆಗಳ ಲೆಕ್ಕವನ್ನು ತಲೆಕೆಳಗು ಮಾಡಬಲ್ಲದು.

ಅಂತರರಾಷ್ಟ್ರೀಯ ವ್ಯಾಪಾರದಲ್ಲಿ ಪ್ರತಿ ಸರಕಿಗೂ ಒಂದು ಸಂಖ್ಯೆಯಿದೆ. ವಿಶ್ವ ಕಸ್ಟಮ್ಸ್ ಸಂಸ್ಥೆ ರೂಪಿಸಿದ ಈ ಪದ್ಧತಿ 1988ರಿಂದ ಜಾರಿಯಲ್ಲಿದೆ. ಮೊದಲ 6 ಅಂಕಿಗಳು ಎಲ್ಲ ಸದಸ್ಯ ದೇಶಗಳಿಗೂ ಒಂದೇ. ಭಾರತ ಅದಕ್ಕೆ ಇನ್ನೆರಡು ಸೇರಿಸಿ 8 ಅಂಕಿ ಮಾಡಿಕೊಂಡಿದೆ. 2012ರ ಪರಿಷ್ಕರಣೆಯಲ್ಲಿ ಅಡಿಕೆಗೇ ಪ್ರತ್ಯೇಕವಾಗಿ 0802 80 ಎಂಬ ಸಂಖ್ಯೆ ಸಿಕ್ಕಿತು. ಹಣ್ಣು, ಬೀಜಗಳ 8ನೇ ಅಧ್ಯಾಯದಲ್ಲಿ ಬರುವ ಈ ಅಡಿಕೆಗೆ ಭಾರತದಲ್ಲಿ ಮೂಲ ಆಮದು ಸುಂಕ ಶೇ 100. ಅದರ ಜೊತೆಗೆ ಕನಿಷ್ಠ ಆಮದು ಬೆಲೆಯ ಕಟ್ಟುಪಾಡೂ ಇದೆ. ಕಿಲೋಗೆ 251 ರೂಪಾಯಿ ಇದ್ದ ಈ ಬೆಲೆಯನ್ನು 2023ರ ಫೆಬ್ರುವರಿಯಲ್ಲಿ 351ಕ್ಕೆ ಏರಿಸಲಾಯಿತು. ಅದಕ್ಕಿಂತ ಅಗ್ಗದ ಮಾಲು ಸಾಮಾನ್ಯ ವ್ಯಾಪಾರಕ್ಕೆ ಒಳಬರುವಂತಿಲ್ಲ.

ಆದರೆ ಈ ಕಾವಲು ನಿಂತದ್ದು ಒಂದು ಸಂಖ್ಯೆಯ ಬಾಗಿಲಲ್ಲಿ. ಅದೇ ಪುಸ್ತಕದ 21ನೇ ಅಧ್ಯಾಯದಲ್ಲಿ, ಸಿದ್ಧ ತಿನಿಸುಗಳ ನಡುವೆ, ‘ಸುಪಾರಿ ಎಂದು ಕರೆಯಲಾಗುವ ಅಡಿಕೆ ಉತ್ಪನ್ನ’ಕ್ಕೆ 2106 90 30 ಎಂಬ ಬೇರೆಯೇ ಸಂಖ್ಯೆಯಿದೆ. ಸುಣ್ಣ, ಕಾಚು, ತಂಬಾಕು ಇರಕೂಡದು. ಏಲಕ್ಕಿ, ಕೊಬ್ಬರಿ, ಮೆಂಥಾಲ್ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ತಮ್ಮ ಮಾಲು ಅಡಿಕೆಯಲ್ಲ, ಸುಪಾರಿ ಎಂದು ಆಮದುದಾರರು ಮುಂಗಡ ತೀರ್ಪು ಪ್ರಾಧಿಕಾರದ ಮೊರೆಹೋದರು. ಸರಕು ತರುವ ಮೊದಲೇ ಅದರ ವರ್ಗ ಯಾವುದೆಂದು ಕೇಳಿ ತಿಳಿಯುವ ವ್ಯವಸ್ಥೆ ಇದು. ಇಲ್ಲಿ ಸಿಗುವ ತೀರ್ಪು ಕೇಳಿದವರಿಗೂ ಸಂಬಂಧಪಟ್ಟ ಕಸ್ಟಮ್ಸ್ ಅಧಿಕಾರಿಗಳಿಗೂ ಮಾತ್ರ ಅನ್ವಯ.

ಅವರ ವಾದವೇನು? ಅಡಿಕೆಯನ್ನು ಬೇಯಿಸಿದ್ದೇವೆ, ಒಣಗಿಸಿದ್ದೇವೆ, ಕತ್ತರಿಸಿದ್ದೇವೆ, ಹೊಳಪು ಕೊಟ್ಟಿದ್ದೇವೆ. ಆದ್ದರಿಂದ ಇದು ಹೊಸ ಪದಾರ್ಥ. ಮಲೆನಾಡಿನ ಯಾವುದೇ ಬೆಳೆಗಾರರನ್ನು ಕೇಳಿದರೂ ಈ ವಾದದ ಸಡಿಲು ಎಲ್ಲಿದೆಯೆಂದು ಹೇಳುತ್ತಾರೆ. ಎಳೆಯ ಅಡಿಕೆ ಸುಲಿದು, ಚೊಗರಿನಲ್ಲಿ (ಅಡಿಕೆ ಬೇಯಿಸಿದ ಒಗರು ರಸದಲ್ಲಿ) ಬೇಯಿಸಿ, ಅಂಗಳದಲ್ಲಿ ಒಣಗಿಸಿದರೇ ಕೆಂಪಡಿಕೆ. ಪ್ರತಿ ಕೊಯ್ಲಿನಲ್ಲೂ ನಡೆಯುವ ಈ ಕೆಲಸದಿಂದ ಅಡಿಕೆ ತಿನಿಸಿನ ಪಟ್ಟಿಗೆ ಸೇರಿದ್ದನ್ನು ಯಾವ ಮಂಡಿಯೂ ಕಂಡಿಲ್ಲ. ಸುಂಕದ ಪುಸ್ತಕವೂ ಬಹುಮಟ್ಟಿಗೆ ಅವರ ಪರವೇ ಇದೆ. ಕೆಡದಂತೆ ಮಿತವಾಗಿ ಕಾಯಿಸಿದರೂ, ಅಂದಕ್ಕಾಗಿ ಸಸ್ಯದ ಎಣ್ಣೆ ಸವರಿದರೂ, ಒಣಬೀಜದ ಗುಣ ಉಳಿದಿರುವವರೆಗೆ ಅದು 8ನೇ ಅಧ್ಯಾಯದ್ದೇ ಎಂದು ಆ ಅಧ್ಯಾಯದ ಟಿಪ್ಪಣಿ ಹೇಳುತ್ತದೆ. 2007ರಲ್ಲಿ ಸುಪ್ರೀಂ ಕೋರ್ಟ್ ಕೂಡ, ಅಡಿಕೆಯನ್ನು ಚೂರು ಮಾಡಿ ಎಣ್ಣೆ, ಮೆಂಥಾಲ್, ಸಿಹಿ ಸೇರಿಸಿದ ಮಾತ್ರಕ್ಕೆ ಹೊಸ ವಸ್ತು ಹುಟ್ಟುವುದಿಲ್ಲ, ಅದು ಅಡಿಕೆಯಾಗಿಯೇ ಉಳಿಯುತ್ತದೆ ಎಂದಿತ್ತು. ಆದರೆ ಅದು ಅಬಕಾರಿ ಸುಂಕದ ಪ್ರಕರಣ. ಆಮದಿನ ವರ್ಗೀಕರಣಕ್ಕೆ ಅದನ್ನು ಎಷ್ಟು ಎಳೆಯಬಹುದು ಎಂಬುದೇ ಹೊಸ ಜಗಳವಾಯಿತು. ಮುಂಗಡ ತೀರ್ಪುಗಳು ಒಮ್ಮೆ ಸುಪಾರಿ ಎಂದವು, ಇನ್ನೊಮ್ಮೆ ಅಡಿಕೆ ಎಂದವು.

ಅಷ್ಟರಲ್ಲಿ ಮೂರನೆಯ ದಾರಿ ತೆರೆಯಿತು: ಹುರಿದ ಅಡಿಕೆ. ಹುರಿದ ಬೀಜಗಳಿಗೆ 20ನೇ ಅಧ್ಯಾಯದಲ್ಲಿ ಬೇರೆ ಜಾಗವಿದೆ. ಹುರಿದ ಅಡಿಕೆಯೂ ಅಲ್ಲಿಗೇ ಸೇರುತ್ತದೆಂಬ ವಾದವನ್ನು 2023ರಲ್ಲಿ ಮದ್ರಾಸ್ ಹೈಕೋರ್ಟ್ ಎತ್ತಿಹಿಡಿಯಿತು. ಅಕ್ಷರದ ಮಟ್ಟಿಗೆ ತೀರ್ಪು ಸರಿಯಿರಬಹುದು. ಕಷ್ಟ ಅನುಭವಿಸಿದ್ದು ಮಾತ್ರ ಬೆಳೆಗಾರ. ಕನಿಷ್ಠ ಬೆಲೆಯ ನಿಯಮ ಹುರಿದ ಅಡಿಕೆಗೂ ವಿಸ್ತರಣೆಯಾದದ್ದು 2025ರ ಏಪ್ರಿಲ್‌ನಲ್ಲಿ. ಮೊದಲೇ ಸಂಖ್ಯೆಯ ಬದಲು ಪದಾರ್ಥಕ್ಕೇ ನಿರ್ಬಂಧ ಹಾಕಿದ್ದರೆ ಇಷ್ಟು ಕಾಲ ಹೋಗುತ್ತಿರಲಿಲ್ಲ.

ಎರಡನೆಯ ಪ್ರಶ್ನೆ ಊರಿನದು. ಶ್ರೀಲಂಕಾ ಜೊತೆಗಿನ ಮುಕ್ತ ವ್ಯಾಪಾರ ಒಪ್ಪಂದ 2000ದಿಂದ ಜಾರಿಯಲ್ಲಿದೆ. ದಕ್ಷಿಣ ಏಷ್ಯಾದ ಇತರ ನೆರೆದೇಶಗಳಿಗೂ ರಿಯಾಯಿತಿಗಳಿವೆ. ಕೃಷಿ ಉತ್ಪನ್ನಕ್ಕೆ ಈ ಸೌಲಭ್ಯ ಸಿಗಬೇಕಾದರೆ ಅದು ಅದೇ ನೆಲದಲ್ಲಿ ಬೆಳೆದಿರಬೇಕು, ಮೂಲದ ಪ್ರಮಾಣಪತ್ರ ಜೊತೆಗಿರಬೇಕು. ಇಂಡೊನೇಷ್ಯಾದ ಅಡಿಕೆ ಇಂಥ ಪತ್ರ ಹೊತ್ತು ನೆರೆದೇಶದ ಬೆಳೆಯಾಗಿ ಬರುತ್ತಿದೆ ಎಂಬ ದೂರು ಹಳೆಯದು. ಬಾಂಬೆ ಹೈಕೋರ್ಟ್‌ನ ನಾಗ್ಪುರ ಪೀಠದ ಆದೇಶದಂತೆ ಸಿಬಿಐ ಈ ಬಗ್ಗೆ ಪ್ರಕರಣ ದಾಖಲಿಸಿ ತನಿಖೆಗೆ ಇಳಿಯಿತು. 2020ರ ಸೆಪ್ಟೆಂಬರ್ 21ರಿಂದ ಹೊಸ ನಿಯಮಗಳು ಜಾರಿಗೆ ಬಂದು, ಬರೀ ಪ್ರಮಾಣಪತ್ರ ತೋರಿಸಿ ಕೈತೊಳೆದುಕೊಳ್ಳುವ ಕಾಲ ಮುಗಿಯಿತು. ಸರಕು ಆ ದೇಶದ್ದೇ ಎನ್ನಲು ಬೇಕಾದ ವಿವರವನ್ನು ಆಮದುದಾರರೇ ಇಟ್ಟುಕೊಂಡಿರಬೇಕು, 5 ವರ್ಷ ಕಾಪಾಡಬೇಕು. ಸಂಶಯ ಬಂದರೆ ಕಸ್ಟಮ್ಸ್ ಇಲಾಖೆ ಪತ್ರ ಕೊಟ್ಟ ದೇಶವನ್ನೇ ವಿಚಾರಿಸಬಹುದು.

ಭೂತಾನ್ ವಿಷಯ ಬೇರೆ. 2022ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಹಸಿ ಅಡಿಕೆಗೆ ಕನಿಷ್ಠ ಬೆಲೆಯ ಷರತ್ತಿಲ್ಲದೆ ವರ್ಷಕ್ಕೆ 17,000 ಟನ್ ತರಲು ಕೇಂದ್ರ ಅನುಮತಿ ಕೊಟ್ಟಿತು. ಕರ್ನಾಟಕದ ಬೆಳೆಗಾರರು ಅದನ್ನು ವಿರೋಧಿಸಿದರು, ಅವರ ಆತಂಕಕ್ಕೆ ಕಾರಣವೂ ಇದೆ. ಹಾಗಿದ್ದೂ ಆ ಅಧಿಸೂಚನೆಯಲ್ಲಿ ಒಂದು ಸ್ಪಷ್ಟತೆಯಿತ್ತು: ಹಸಿ ಅಡಿಕೆ ಮಾತ್ರ, ಇಷ್ಟೇ ಪ್ರಮಾಣ, ಪಶ್ಚಿಮ ಬಂಗಾಳದ ಜೈಗಾಂವ್ ಠಾಣೆಯಿಂದ ಮಾತ್ರ. ಹುರಿದ ಅಡಿಕೆ, ಸುಪಾರಿಗಳ ವಿಷಯದಲ್ಲಿ ವರ್ಷಗಟ್ಟಲೆ ಕೋರ್ಟು ಸುತ್ತಿದಂತೆ ಇಲ್ಲಿ ಸುತ್ತಬೇಕಾದ ಅಗತ್ಯ ಕಡಿಮೆ.