ಹದಿಹರೆಯದ ಮಕ್ಕಳು ಮತ್ತು ಮದ್ಯ: ‘ಬೇಡ’ ಎನ್ನುವ ಅಭ್ಯಾಸ ಮನೆಯಲ್ಲೇ ಆಗಲಿ



ಕೆಚ್ಚಲು ಬಾವು, ಜಂತುಹುಳುಗಳ ಬಗ್ಗೆ ಬರೆಯಬೇಕಾದ ಪಶುವೈದ್ಯರು ಮಕ್ಕಳ ಕುಡಿತದ ಬಗ್ಗೆ ಏಕೆ ಬರೆಯುತ್ತಿದ್ದಾರೆ ಎಂದು ತಮಗೆ ಅನ್ನಿಸಬಹುದು. ರಾಸುಗಳ ಚಿಕಿತ್ಸೆಗೆಂದು ಮನೆಗಳಿಗೆ ಹೋದಾಗ ತಾಯಂದಿರು ಕೊಟ್ಟಿಗೆಯ ಮೂಲೆಯಲ್ಲಿ ನಿಂತು, “ಹುಡುಗ ರಾತ್ರಿ ತಡವಾಗಿ ಬರ್ತಾನೆ ಸಾರ್, ಬಾಯಿ ವಾಸನೆ ಬರುತ್ತೆ” ಎಂದು ತಗ್ಗಿದ ದನಿಯಲ್ಲಿ ಹೇಳುವುದನ್ನು ಕೇಳಿದ್ದೇನೆ. ಬೆಳಿಗ್ಗೆ ಎದ್ದು ಸಂಘಕ್ಕೆ ಹಾಲು ಹಾಕಬೇಕಾದವನೂ ಅದೇ ಹುಡುಗ.

ಮೊದಲ ಗುಟುಕನ್ನು ಕೊಡುವವರು ಸಾಮಾನ್ಯವಾಗಿ ಗೊತ್ತಿದ್ದವರೇ. ಯುಗಾದಿಯ ಮರುದಿನದ ವರ್ಷತೊಡಕಿನಲ್ಲೋ, ಊರಹಬ್ಬದ ಬಾಡೂಟದಲ್ಲೋ ಚಿಕ್ಕಪ್ಪನ ಮಗ ಅಥವಾ ಜೊತೆಗಾರ ಲೋಟ ಮುಂದೆ ಹಿಡಿಯುತ್ತಾನೆ. “ನೀನೇನು ಗಂಡಸಲ್ವೇನೋ?” ಎಂದ ಕೂಡಲೇ ಹುಡುಗನ ನಾಲಿಗೆ ಕಟ್ಟುತ್ತದೆ. ಕುಡಿತ ಕೆಟ್ಟದ್ದೆಂದು ಅವನಿಗೆ ಗೊತ್ತು. ಆ ಹೊತ್ತಿಗೆ ಏನು ಹೇಳಿ ಪಾರಾಗಬೇಕೆಂಬುದು ಗೊತ್ತಿಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞ ಗಿಲ್ಬರ್ಟ್ ಬೋಟ್ವಿನ್ ಅವರು ಈ ಕೊರತೆಯನ್ನು ಗಮನಿಸಿ ಶಾಲಾ ಮಕ್ಕಳಿಗೆ ಜೀವನ ಕೌಶಲಗಳ ಪಾಠಕ್ರಮವೊಂದನ್ನು ರೂಪಿಸಿದರು. ಒತ್ತಾಯಕ್ಕೆ ಮಣಿಯದಿರುವುದು, ಆತಂಕ ತಡೆದುಕೊಳ್ಳುವುದು, ಯೋಚಿಸಿ ನಿರ್ಧರಿಸುವುದು ಇದರಲ್ಲಿ ಸೇರಿವೆ. ನ್ಯೂಯಾರ್ಕ್ ರಾಜ್ಯದ 56 ಶಾಲೆಗಳಲ್ಲಿ ನಡೆಸಿ 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಪಾಠ ಸರಿಯಾಗಿ ದೊರೆತ ಮಕ್ಕಳಲ್ಲಿ ದುಶ್ಚಟಗಳು ಕಡಿಮೆ ಕಂಡುಬಂದವು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಕೂಡ ಪ್ರೌಢಶಾಲಾ ಮಕ್ಕಳಿಗಾಗಿ ಜೀವನ ಕೌಶಲ ಶಿಕ್ಷಣವನ್ನು ರೂಪಿಸಿದೆ.

ಮನೆಯಲ್ಲಿ ಮಾಡಬಹುದಾದದ್ದೂ ಇದೆ. ಕರುವನ್ನು ನಾವು ಎಳೆಯದಿರುವಾಗಲೇ ಹಗ್ಗಕ್ಕೆ ಒಗ್ಗಿಸುತ್ತೇವೆ. ಜಾತ್ರೆಯ ಗದ್ದಲದಲ್ಲಿ ಕಲಿಸಲು ಹೋದರೆ ಬೆದರುತ್ತದೆ. ಹಾಗೆಯೇ ಹಬ್ಬಕ್ಕೆ ಮೊದಲೇ ಮಗನನ್ನು ಕೂರಿಸಿಕೊಂಡು ಕೇಳಿ: “ಅವನು ಹೀಗಂದರೆ ನೀನು ಏನು ಹೇಳ್ತೀಯ?” ಉತ್ತರವನ್ನು ಅವನ ಬಾಯಿಂದಲೇ ಬರಿಸಿ, ಎರಡು ಮೂರು ಬಾರಿ ಹೇಳಿಸಿ. “ಬೇಡ ಕಣೋ, ಬೆಳಿಗ್ಗೆ ಹಾಲು ಕರೀಬೇಕು” ಎಂಬಷ್ಟು ಸಾಕು. ಉದ್ದುದ್ದ ಕಾರಣ ಕೊಟ್ಟಷ್ಟೂ ಒತ್ತಾಯ ಹೆಚ್ಚುತ್ತದೆ. ಹೇಳಿ ಅಲ್ಲಿಂದ ಎದ್ದು ಬರುವುದನ್ನೂ ಕಲಿಸಬೇಕು.

ಇನ್ನೊಂದು ಮಾತು, ಇದು ಅಪ್ಪಂದಿರಿಗೆ ಹಿಡಿಸದೆ ಇರಬಹುದು. ಮನೆಯಲ್ಲಿ ಎದುರು ಮಾತನಾಡಿದರೆ ಕಪಾಳಕ್ಕೆ ಬೀಳುವ ಹುಡುಗ ಹೊರಗೆ ಜೊತೆಗಾರರಿಗೆ ‘ಬೇಡ’ ಎನ್ನುವ ಧೈರ್ಯ ಎಲ್ಲಿಂದ ತರಬೇಕು? ಪರೀಕ್ಷೆಯಲ್ಲಿ ಫೇಲಾದ ದಿನ, ಜಗಳವಾದ ದಿನ ಅವನ ಮಾತು ಕೇಳುವವರು ಮನೆಯಲ್ಲಿ ಒಬ್ಬರಾದರೂ ಇರಬೇಕು. ಪಾಸ್‌ಪುಸ್ತಕ ಅವನ ಕೈಗೆ ಕೊಟ್ಟು, ಹಾಲಿನ ಬಟವಾಡೆ ಎಷ್ಟು ಬಂತು, ಪಶು ಆಹಾರಕ್ಕೆ ಎಷ್ಟು ಹೋಯಿತು ಎಂಬ ಲೆಕ್ಕ ಬರೆಸಿ. ದುಡ್ಡಿನ ಬೆಲೆ ತಾನಾಗಿ ತಿಳಿಯುತ್ತದೆ.

ಅಂಗಡಿಯಿಂದ ಪ್ಯಾಕೆಟ್ ತರಲು ಮಗನನ್ನೇ ಕಳಿಸುವ ರೂಢಿಯನ್ನಂತೂ ಇಂದೇ ಬಿಡಬೇಕು. 18 ತುಂಬದವರಿಗೆ ಮದ್ಯ ಕೊಡುವುದಕ್ಕೂ, ಅವರಿಂದ ಮದ್ಯ ಸಾಗಿಸುವುದಕ್ಕೂ 2015ರ ಬಾಲನ್ಯಾಯ ಕಾಯ್ದೆಯಲ್ಲಿ 7 ವರ್ಷಗಳವರೆಗೆ ಕಠಿಣ ಸಜೆ ಮತ್ತು 1 ಲಕ್ಷ ರೂಪಾಯಿವರೆಗೆ ದಂಡವಿದೆ.

ಹುಡುಗ ಈಗಾಗಲೇ ಕುಡಿಯುತ್ತಿದ್ದರೆ ಕುಡಿದು ಬಂದ ರಾತ್ರಿ ಬೈಯುವುದು, ಹೊಡೆಯುವುದು ಬೇಡ. ಮಲಗಲು ಬಿಟ್ಟು, ಮರುದಿನ ಅಮಲು ಇಳಿದ ಮೇಲೆ ಮಾತನಾಡಿಸಿ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಸಲಹೆ ಪಡೆಯಬಹುದು. ಹುಡುಗ ಒಪ್ಪದಿದ್ದರೆ ಮೊದಲು ತಾಯಿಯೇ ಕರೆ ಮಾಡಿ ಮಾತನಾಡಲಿ.