ವಿದ್ಯಾರ್ಥಿಗಳ ಪಾಠಸಂಪುಟವೂ ಗ್ರಂಥಸ್ವಾಮ್ಯವೂ

ನನ್ನ ತಮ್ಮನ ಮಗಳು ಎಂ.ಎ. ತರಗತಿಯಲ್ಲಿ ಓದುತ್ತಾಳೆ. ಮೊನ್ನೆ ರಜೆಗೆ ಬಂದಾಗ ಅವಳ ಚೀಲದಲ್ಲಿ ಸ್ಪೈರಲ್ ಹಾಕಿಸಿದ ದಪ್ಪನೆಯ ಕಟ್ಟೊಂದಿದ್ದಿತು. ತೆರೆದು ನೋಡಲಾಗಿ, ಹದಿನೈದು ಗ್ರಂಥಗಳಿಂದ ಒಂದೊಂದು ಅಧ್ಯಾಯವನ್ನಾರಿಸಿ ಝೆರಾಕ್ಸ್ ಮಾಡಿಸಿದ ಸಂಪುಟವದು. ಪಟ್ಟಿಯನ್ನು ಕೊಟ್ಟವರು ಅಧ್ಯಾಪಕರೇ ಅಂತೆ. ಎಲ್ಲ ಹಕ್ಕುಗಳೂ ಕಾದಿರಿಸಲ್ಪಟ್ಟಿವೆಯೆಂಬ ಒಕ್ಕಣೆಯೂ ಒಂದೆಡೆ ನಕಲಾಗಿ ಬಂದಿದ್ದಿತು! “ದೊಡ್ಡಪ್ಪ, ಇದು ಕಳ್ಳತನವಾಗುತ್ತದೆಯೆ?” ಎಂದು ಹುಡುಗಿ ಕೇಳಿದಳು. ಮಕ್ಕಳನ್ನು ಕಾಲೇಜಿನಲ್ಲಿ ಓದಿಸುತ್ತಿರುವ ವಾಚಕರಿಗೂ ಈ ಸಂದೇಹವು ಬಂದಿರಬಹುದಷ್ಟೆ.

ಇದೇ ಪ್ರಶ್ನೆಯು ಒಮ್ಮೆ ನ್ಯಾಯಸ್ಥಾನವನ್ನು ಮುಟ್ಟಿದ್ದಿತು. ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸಿನ ಆವರಣದಲ್ಲಿದ್ದ ರಾಮೇಶ್ವರಿ ಫೋಟೋಕಾಪಿ ಎಂಬ ಅಂಗಡಿಯವರು ಇಂತಹ ಸಂಪುಟಗಳನ್ನು ಮಾಡಿಕೊಡುತ್ತಿದ್ದರು. 2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಜ್, ಟೇಲರ್ ಅಂಡ್ ಫ್ರಾನ್ಸಿಸ್ ಪ್ರಕಾಶಕರು ಆ ಅಂಗಡಿಯ ಮೇಲೂ ದೆಹಲಿ ವಿಶ್ವವಿದ್ಯಾನಿಲಯದ ಮೇಲೂ ದಾವೆ ಹೂಡಿದರು. ಆಕ್ಸ್‌ಫರ್ಡಿನವರಿಂದಲೇ ತಮ್ಮ ಗ್ರಂಥಗಳನ್ನು ಪ್ರಕಟಿಸಿದ್ದ ಅಮರ್ತ್ಯ ಸೇನರು, ಅಷ್ಟು ಕಠಿಣರಾಗಬೇಡಿರೆಂದು ಪ್ರಕಾಶಕರಿಗೆ ಬರೆದರು.

1957ರ ಕೃತಿಸ್ವಾಮ್ಯದ ಕಾಯಿದೆಯ 52ನೆಯ ಕಲಮು, ಬೋಧನೆಯ ಕ್ರಮದಲ್ಲಿ ಅಧ್ಯಾಪಕನಾಗಲಿ ವಿದ್ಯಾರ್ಥಿಯಾಗಲಿ ಮಾಡುವ ನಕಲು ಅಪರಾಧವಲ್ಲವೆನ್ನುತ್ತದೆ. ‘ಬೋಧನೆಯ ಕ್ರಮ’ವೆಂದರೇನು? ಪಾಠಶಾಲೆಯ ನಾಲ್ಕು ಗೋಡೆಗಳೊಳಗಿನ ಗಂಟೆಯೆಂಬುದು ಪ್ರಕಾಶಕರ ಅರ್ಥ. (ಶಬ್ದಾರ್ಥವಿಚಾರದಲ್ಲಿಯೇ ಆಯುಸ್ಸನ್ನು ಕಳೆದ ನನಗೆ ಈ ವಾದವು ಬಲು ರುಚಿಸಿತು.) 2016ರ ಸೆಪ್ಟೆಂಬರ್ 16ರಂದು ನ್ಯಾಯಮೂರ್ತಿ ರಾಜೀವ್ ಸಹಾಯ್ ಎಂಡ್ಲಾ ಅವರು ಆ ಸಂಕುಚಿತಾರ್ಥವನ್ನು ಒಪ್ಪದೆ ದಾವೆಯನ್ನು ವಜಾಮಾಡಿದರು. ತಾವು ಕಾನೂನು ಓದುತ್ತಿದ್ದಾಗ ವಿದ್ಯಾರ್ಥಿಗಳು ಪುಸ್ತಕಾಲಯದಲ್ಲಿ ಕುಳಿತು ಪುಟಪುಟಗಳನ್ನೇ ಕೈಯಿಂದ ನಕಲು ಮಾಡುತ್ತಿದ್ದುದನ್ನು ಅವರು ಸ್ಮರಿಸಿದರು. ಕೈ ಮಾಡಿದುದು ತಪ್ಪಲ್ಲವಾದರೆ ಯಂತ್ರವು ಮಾಡಿದುದರಿಂದಲೇ ತಪ್ಪಾಗದೆಂದರು. ಡಿಸೆಂಬರಿನಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠವು ಎಷ್ಟು ಪುಟಗಳೆಂಬುದಕ್ಕಿಂತ ಬೋಧನೆಯ ಪ್ರಯೋಜನಕ್ಕೆ ಅವು ಬೇಕಿದ್ದವೆ ಎಂಬುದೇ ಒರೆಗಲ್ಲೆಂದು ಹೇಳಿ, ಅಷ್ಟರ ವಿಚಾರಣೆಗಾಗಿ ಮೊಕದ್ದಮೆಯನ್ನು ಹಿಂದಕ್ಕೆ ಕಳುಹಿಸಿತು. ನಕಲಿಗೆ ತಡೆಯಾಜ್ಞೆಯನ್ನು ಮಾತ್ರ ಕೊಡಲಿಲ್ಲ. 2017ರ ಮಾರ್ಚಿಯಲ್ಲಿ ಪ್ರಕಾಶಕರು ದಾವೆಯನ್ನು ಹಿಂತೆಗೆದುಕೊಂಡರು.

ಹಾಗಾದರೆ ಎಲ್ಲವೂ ಸಲ್ಲುತ್ತದೆಯೆ? ಹಿಂದೆ ನಾನೊಂದು ಸಣ್ಣ ವ್ಯಾಕರಣವನ್ನು ಸ್ವಂತ ಖರ್ಚಿನಿಂದ ಅಚ್ಚು ಹಾಕಿಸಿದೆನು. ಐನೂರು ಪ್ರತಿಗಳಲ್ಲಿ ಇನ್ನೂರು ಇಂದಿಗೂ ಮಂಚದ ಕೆಳಗಿವೆ. ಒಂದು ವಿದ್ಯಾಸಂಸ್ಥೆಯವರು ಅದನ್ನು ಆದ್ಯಂತವಾಗಿ ನಕಲು ಮಾಡಿಸಿ, ನನ್ನ ಹೆಸರಿದ್ದ ಹಾಳೆಯನ್ನು ಬಿಟ್ಟು, ಹುಡುಗರಿಗೆ ಮಾರಿದರು. ದುಡ್ಡು ಹೋದುದಕ್ಕಿಂತ ಹೆಸರು ಹೋದುದೇ ನನಗೆ ಹೆಚ್ಚು ನೋವಾಯಿತು. ಕೃತಿಯು ತನ್ನದೆಂದು ಹೇಳಿಕೊಳ್ಳುವ ಅಧಿಕಾರವನ್ನು ಅದೇ ಕಾಯಿದೆಯ 57ನೆಯ ಕಲಮು ಕರ್ತೃವಿಗೆ ಪ್ರತ್ಯೇಕವಾಗಿ ಕೊಟ್ಟಿದೆ. ಸುಲಭಬೆಲೆಗೆ ಸಿಕ್ಕುವ ಪುಸ್ತಕವನ್ನು ಇಡಿಯಾಗಿ ನಕಲಿಸಿ ಮಾರುವುದು ದೆಹಲಿಯ ತೀರ್ಪಿನ ಔದಾರ್ಯಕ್ಕೆ ಒಳಪಡುವುದೆಂದು ನನಗೆ ತೋರುವುದಿಲ್ಲ. ಕರ್ತೃವು ಗತಿಸಿ 60 ವರ್ಷಗಳು ಕಳೆದ ಗ್ರಂಥವಾದರೆ ಮಾತು ಬೇರೆ.

“ಇದು ಕಳ್ಳತನವಲ್ಲಮ್ಮ, ಆದರೆ ಪ್ರತಿ ಅಧ್ಯಾಯದ ಮೇಲೂ ಯಾರದು, ಯಾವ ಗ್ರಂಥದ್ದು ಎಂದು ಬರೆದುಕೋ” ಎಂದೆನು. ಇಬ್ಬರೂ ಕುಳಿತು ನೋಡಿದೆವು. ಎರಡು ಅಧ್ಯಾಯಗಳಿಗೆ ಕರ್ತೃವಿನ ಹೆಸರೇ ಇರಲಿಲ್ಲ. ಅಧ್ಯಾಪಕರನ್ನು ಕೇಳಿ ಬರೆದುಕೊಳ್ಳುವೆನೆಂದು ಪೆನ್ಸಿಲಿನಿಂದ ಗುರುತು ಹಾಕಿಕೊಂಡು ಹೋಗಿದ್ದಾಳೆ.